ರಾಜ್ಯ ಹೆದ್ದಾರಿ 9ರ ಚರಿತ್ರೆಯನ್ನು ಯಲಹಂಕದಿಂದ ಬರೆಯಬೇಕೋ, ಗಡಿಯಿಂದ ಬರೆಯಬೇಕೋ?

ಸಮಾಜ ಮೇಷ್ಟ್ರು, ಗೌರಿಬಿದನೂರು

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳು ಈ ಸಲದ ವಸ್ತುಪ್ರದರ್ಶನಕ್ಕೆ ರಾಜ್ಯ ಹೆದ್ದಾರಿ 9ರ ಉದ್ದನೆಯ ನಕ್ಷೆಯೊಂದನ್ನು ಬಿಡಿಸಿ, ಅದರ ಕೆಳಗೆ ಆ ದಾರಿಯ ಚರಿತ್ರೆಯನ್ನು ಬರೆಯಲು ಹೊರಟಿದ್ದಾರೆ. ಈ ಹೆದ್ದಾರಿ ಯಲಹಂಕದಲ್ಲಿ ಹೊರಟು, ದೊಡ್ಡಬಳ್ಳಾಪುರವನ್ನೂ ನಮ್ಮ ಗೌರಿಬಿದನೂರನ್ನೂ ಹಾದು, ಆಂಧ್ರಪ್ರದೇಶದ ಗಡಿಯಲ್ಲಿ ಮುಗಿಯುತ್ತದೆ. ಒಟ್ಟು ಉದ್ದ 74 ಕಿಲೋಮೀಟರ್. ಇಷ್ಟನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದಂತೆಯೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಬಸ್ಸು ಹಿಂದೂಪುರದವರೆಗೆ ಹೋಗುವಾಗ ಹೆದ್ದಾರಿ ಮಾತ್ರ ಹೊಲದ ನಡುವೆ ಏಕೆ ನಿಂತುಬಿಡುತ್ತದೆ ಎಂದು ಕೇಳಿದಳು. ಇನ್ನೊಬ್ಬ ಹುಡುಗ, ರಸ್ತೆ ಮೊದಲು ಬಂತೋ ರೈಲು ಮೊದಲು ಬಂತೋ ಎಂದು ಕೇಳಿದ. ಎರಡೂ ಒಳ್ಳೆಯ ಪ್ರಶ್ನೆಗಳೇ. ಈ ದಾರಿಯನ್ನು ಬಲ್ಲವರು ಇಲ್ಲಿ ಅನೇಕರಿದ್ದೀರಿ. ಮಕ್ಕಳ ಬರಹದಲ್ಲಿ ಏನಿರಲೇಬೇಕು, ಯಾವುದನ್ನು ಬಿಟ್ಟರೆ ನಡೆದೀತು ಎಂಬುದನ್ನು ದಯವಿಟ್ಟು ತಿಳಿಸಿ.

ನಿವೃತ್ತ ಓವರ್ಸಿಯರ್

ಮೇಷ್ಟ್ರೇ, ಮೊದಲನೆಯ ಪ್ರಶ್ನೆಗೆ ಉತ್ತರ ಸರಳವಾಗಿದೆ. ರಾಜ್ಯ ಹೆದ್ದಾರಿಯ ಸಂಖ್ಯೆಯನ್ನು ಆಯಾ ರಾಜ್ಯವೇ ಕೊಡುತ್ತದೆ ಮತ್ತು ಆಯಾ ರಾಜ್ಯವೇ ಆ ರಸ್ತೆಯನ್ನು ನೋಡಿಕೊಳ್ಳುತ್ತದೆ. ನಮ್ಮ ಲೋಕೋಪಯೋಗಿ ಇಲಾಖೆಯ ಹೊಣೆ ಗಡಿಯ ಕಲ್ಲಿನವರೆಗೆ. ಅದರಾಚೆಗಿನ ಡಾಂಬರು ಆಂಧ್ರದವರದು. ರಸ್ತೆ ಎಲ್ಲಿಯೂ ನಿಲ್ಲುವುದಿಲ್ಲ, ಸಂಖ್ಯೆ ಮಾತ್ರ ನಿಲ್ಲುತ್ತದೆ.

ಮಕ್ಕಳನ್ನು ಒಮ್ಮೆ ರಸ್ತೆಯ ಬದಿಗೆ ಕರೆದುಕೊಂಡು ಹೋಗಿ ಕಿಲೋಮೀಟರ್ ಕಲ್ಲನ್ನು ತೋರಿಸಿ. ತಲೆಯ ಭಾಗಕ್ಕೆ ಹಸಿರು ಬಣ್ಣವಿದ್ದರೆ ಅದು ರಾಜ್ಯ ಹೆದ್ದಾರಿ, ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ. ಗೌರಿಬಿದನೂರಿನಲ್ಲಿ ಎರಡೂ ಸಂಧಿಸುವುದರಿಂದ ಎರಡೂ ಬಗೆಯ ಕಲ್ಲುಗಳನ್ನು ಒಂದೇ ದಿನದಲ್ಲಿ ನೋಡಬಹುದು. ಇನ್ನೊಂದು ಸಂಗತಿಯಿದೆ. ಮೋರಿಗಳ ಕಟ್ಟೆಯ ಮೇಲೆ ಬಣ್ಣದಲ್ಲಿ 52/3 ಎಂಬಂತೆ ಬರೆದಿರುತ್ತಾರೆ. ಮೊದಲಿನದು ಕಿಲೋಮೀಟರಿನ ಸಂಖ್ಯೆ, ಗೆರೆಯ ಆಚೆಗಿನದು ಆ ಕಿಲೋಮೀಟರಿನೊಳಗೆ ಅದು ಎಷ್ಟನೆಯ ಮೋರಿ ಎಂಬುದು. ರಸ್ತೆ ಅಗಲವಾದಾಗ ಕಲ್ಲುಗಳನ್ನು ಕಿತ್ತು ಬೇರೆ ಕಡೆ ನೆಡುತ್ತಾರೆ, ಮೋರಿಗಳು ಸಾಮಾನ್ಯವಾಗಿ ಇದ್ದ ಜಾಗದಲ್ಲಿಯೇ ಇರುತ್ತವೆ. ಹಳ್ಳದ ನೀರು ಎಲ್ಲಿ ದಾಟುತ್ತದೆಯೋ ಅಲ್ಲಿಯೇ ಮೋರಿ ಇರಬೇಕಾದ್ದರಿಂದ, ಹಳೆಯ ದಾರಿಯ ಜಾಡನ್ನು ಹಿಡಿಯುವುದಕ್ಕೆ ಮೋರಿಗಿಂತ ನಂಬಿಕೆಯ ಸಾಕ್ಷಿ ಮತ್ತೊಂದಿಲ್ಲ.

ಹಳಿಪ್ರೇಮಿ

ಎರಡನೆಯ ಪ್ರಶ್ನೆಯನ್ನು ನನಗೆ ಬಿಡಿ. ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಮೀಟರ್ ಗೇಜ್ ರೈಲುಹಳಿ ಬಂದದ್ದು 19ನೆಯ ಶತಮಾನದ ಕೊನೆಯ ದಶಕದಲ್ಲಿ. ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರ, ಮಾಕಳಿದುರ್ಗ, ತೊಂಡೇಬಾವಿ, ಗೌರಿಬಿದನೂರು, ವಿದುರಾಶ್ವತ್ಥ, ಹಿಂದೂಪುರ ಎಂದು ನಿಲ್ದಾಣಗಳ ಹೆಸರನ್ನು ಓದಿಕೊಂಡು ಹೋದರೆ ಹೆದ್ದಾರಿಯ ನಕ್ಷೆಯನ್ನೇ ಓದಿದಂತಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ದಾರಿಗೆ ಮಹತ್ವ ಬಂದದ್ದೇ ಹಳಿಯಿಂದ. ಊರಿನಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಮುಂದಿನ ಊರಿಗೆ ಗಾಡಿಗಳು ಓಡಾಡಿ ಓಡಾಡಿ ಆದ ರಸ್ತೆಯಿದು. ಮಕ್ಕಳು ಚರಿತ್ರೆಯನ್ನು ರೈಲಿನಿಂದ ಆರಂಭಿಸುವುದು ನ್ಯಾಯ.

ಪಿನಾಕಿನಿ ದಂಡೆ

ಹಳಿಪ್ರೇಮಿಗಳ ಮಾತನ್ನು ಒಪ್ಪಲು ಸಾಧ್ಯವಿಲ್ಲ. ಹಳಿಯ ಪಕ್ಕದಲ್ಲಿ ರಸ್ತೆ ಇದೆಯೆಂದ ಮಾತ್ರಕ್ಕೆ ಹಳಿಯೇ ರಸ್ತೆಯನ್ನು ಹೆತ್ತಿತು ಎನ್ನಲಾಗದು. ಎರಡೂ ಒಂದೇ ಕಡೆ ಹೋಗುವುದಕ್ಕೆ ಕಾರಣ ನೆಲದಲ್ಲಿದೆ.

ಭೂಪಟವನ್ನು ಎದುರಿಗಿಟ್ಟುಕೊಂಡು ನೋಡಿ. ದೊಡ್ಡಬಳ್ಳಾಪುರದ ಸುತ್ತಲಿನ ನೆಲ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ, ಗೌರಿಬಿದನೂರು 700 ಮೀಟರಿನ ಆಸುಪಾಸಿನಲ್ಲಿದೆ. ಈ ಇಳಿತದ ಬಹುಭಾಗ ಮಾಕಳಿ ಬೆಟ್ಟದ ಅಕ್ಕಪಕ್ಕದಲ್ಲಿಯೇ ನಡೆದುಹೋಗುತ್ತದೆ. ದೊಡ್ಡಬಳ್ಳಾಪುರದ ಕಡೆ ಬಿದ್ದ ಮಳೆ ಅರ್ಕಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ, ಗೌರಿಬಿದನೂರಿನ ಕಡೆ ಬಿದ್ದ ಮಳೆ ಉತ್ತರ ಪಿನಾಕಿನಿಯನ್ನು ಸೇರಿ ನೆಲ್ಲೂರಿನ ಹತ್ತಿರ ಸಮುದ್ರವನ್ನು ಸೇರುತ್ತದೆ. ಎರಡು ನದಿಗಳೂ ನಂದಿಬೆಟ್ಟದ ಸಾಲಿನಲ್ಲಿಯೇ ಹುಟ್ಟುತ್ತವೆ. ಪೂರ್ವಕ್ಕೆ ನಂದಿಯ ಸಾಲು ಅಡ್ಡ ನಿಂತಿರುವುದರಿಂದ, ಎತ್ತಿನಗಾಡಿಯವನಾಗಲಿ ರೈಲಿನ ಎಂಜಿನಿಯರಾಗಲಿ ಉತ್ತರಕ್ಕೆ ಇಳಿಯಬೇಕಾದರೆ ಈ ಬೆಟ್ಟಗಳ ನಡುವಿನ ಸಂದನ್ನೇ ಹುಡುಕಿಕೊಂಡು ಬರಬೇಕಿತ್ತು. ಮಾಕಳಿಯ ತುದಿಯಲ್ಲಿ ಕೋಟೆಯನ್ನು ಕಟ್ಟಿದವರು ಯಾವ ದಾರಿಯನ್ನು ಕಾಯುತ್ತಿದ್ದರು ಎಂಬುದನ್ನು ಯೋಚಿಸಿ. ಅವರ ಕಾಲಕ್ಕೆ ಹಳಿ ಎಲ್ಲಿತ್ತು?

ಬಾಗೇಪಲ್ಲಿಯವನು

ಕೋಟೆ ಇದ್ದಲ್ಲೆಲ್ಲ ಹೆದ್ದಾರಿ ಇತ್ತೆನ್ನುವುದಾದರೆ ನಮ್ಮ ಜಿಲ್ಲೆಯಲ್ಲಿ ಗುಡ್ಡಕ್ಕೊಂದು ಹೆದ್ದಾರಿ ಇರಬೇಕಿತ್ತಲ್ಲ ಸ್ವಾಮಿ!

ಪಿನಾಕಿನಿ ದಂಡೆ

ಹೆದ್ದಾರಿ ಇತ್ತೆಂದು ನಾನು ಹೇಳಿಲ್ಲ, ದಾರಿ ಇತ್ತೆಂದು ಹೇಳಿದ್ದೇನೆ. ಬಯಲುಸೀಮೆಯ ಹಳೆಯ ದಾರಿಗಳು ಕೆರೆಯ ಏರಿಯಿಂದ ಕೆರೆಯ ಏರಿಗೆ ಹೋಗುತ್ತಿದ್ದವು. ಮಳೆಗಾಲದಲ್ಲಿ ಕೆಸರಿಲ್ಲದೆ ಗಾಡಿ ಹೋಗುವುದಕ್ಕೆ ಏರಿಗಿಂತ ಗಟ್ಟಿಯಾದ ನೆಲ ಬೇರೆ ಇರಲಿಲ್ಲ, ಎತ್ತುಗಳಿಗೆ ನೀರೂ ಅಲ್ಲಿಯೇ ಸಿಗುತ್ತಿತ್ತು. ಇಂದಿಗೂ ಈ ರಸ್ತೆಗೆ ಸೇರುವ ಅಡ್ಡದಾರಿಗಳಲ್ಲಿ ಹಲವು ಏರಿಯ ಮೇಲೆಯೇ ಬರುತ್ತವೆ.

ಹಳಿಪ್ರೇಮಿ

ಸಂದಿನ ವಿಚಾರ ಸರಿ. ಮಾಕಳಿದುರ್ಗದ ಬಳಿ ಹಳಿ ಬೆಟ್ಟವನ್ನು ಬಳಸಿಕೊಂಡು ಇಳಿಯುವ ತಿರುವುಗಳನ್ನು ನೋಡಿದವರಿಗೆ ಅದು ತಿಳಿಯುತ್ತದೆ. ಆದರೆ ನನ್ನ ಮಾತು ಹುಟ್ಟಿನ ಬಗ್ಗೆ ಅಲ್ಲ, ಬೆಳವಣಿಗೆಯ ಬಗ್ಗೆ. ಹಳಿ ಬರುವ ಮುನ್ನ ಇಲ್ಲಿ ಗಾಡಿಯ ಜಾಡಿತ್ತು ಎಂದುಕೊಳ್ಳೋಣ. ಆ ಜಾಡಿನ ಮೇಲೆ ಜಲ್ಲಿ ಬೀಳುವುದಕ್ಕೆ, ಅಕ್ಕಪಕ್ಕದ ಊರುಗಳು ಅಂಗಡಿ ಬೀದಿಗಳಾಗುವುದಕ್ಕೆ ನಿಲ್ದಾಣಗಳು ಕಾರಣವಲ್ಲವೇ? ತೊಂಡೇಬಾವಿಯನ್ನೇ ತೆಗೆದುಕೊಳ್ಳಿ. ಹಳಿ ಇಲ್ಲದಿದ್ದರೆ ಅಲ್ಲಿ ಸಿಮೆಂಟ್ ಕಾರ್ಖಾನೆ ಬರುತ್ತಿತ್ತೇ?

ತೊಂಡೇಬಾವಿ ಹುಡುಗ

ನಮ್ಮೂರಿನ ಹೆಸರು ಬಂದಿದ್ದರಿಂದ ಎರಡು ಮಾತು ಸೇರಿಸುತ್ತೇನೆ. ಕಾರ್ಖಾನೆ ಬಂದದ್ದು ಇತ್ತೀಚೆಗೆ, ಅದನ್ನು ಚರಿತ್ರೆಯ ಸಾಕ್ಷಿಯಾಗಿ ನಿಲ್ಲಿಸುವುದು ತಮಾಷೆಯಾಗಿದೆ. ನಮ್ಮ ಕಡೆಯ ವಿಶೇಷವನ್ನು ಹೇಳಬೇಕೆಂದರೆ ಹತ್ತಿರದ ಅಲೀಪುರವನ್ನು ನೆನೆಯಬೇಕು. ಅಲ್ಲಿನವರಲ್ಲಿ ಬಹುಪಾಲು ಶಿಯಾ ಮುಸ್ಲಿಮರು, ಹರಳುಗಳನ್ನು ಕತ್ತರಿಸಿ ಮೆರುಗು ಕೊಡುವ ಕಸುಬಿನಲ್ಲಿ ಪಳಗಿದವರು. ಮೊಹರಂ ಸಮಯದಲ್ಲಿ ಎಲ್ಲೆಲ್ಲಿಂದಲೋ ಬರುವವರು ಇದೇ ದಾರಿಯನ್ನು ಹಿಡಿಯುತ್ತಾರೆ. ಮಕ್ಕಳ ನಕ್ಷೆಯಲ್ಲಿ ಹೆದ್ದಾರಿಯಿಂದ ಒಳಗಿರುವ ಊರುಗಳಿಗೂ ಸ್ವಲ್ಪ ಜಾಗವಿರಲಿ ಮೇಷ್ಟ್ರೇ.

ಮಗ್ಗದ ಮನೆ, ದೊಡ್ಡಬಳ್ಳಾಪುರ

ಇಷ್ಟು ಹೊತ್ತೂ ಎಲ್ಲರೂ ಮಾಕಳಿಯಿಂದ ಉತ್ತರದ ಮಾತನ್ನೇ ಆಡುತ್ತಿದ್ದೀರಿ. ಹೆದ್ದಾರಿ ಹುಟ್ಟುವುದು ಯಲಹಂಕದಲ್ಲಿ, ಅದಕ್ಕೆ ಉಸಿರು ಕೊಡುವುದು ದೊಡ್ಡಬಳ್ಳಾಪುರ. ನಮ್ಮಲ್ಲಿ ಮಗ್ಗದ ಸದ್ದಿಲ್ಲದ ಬೀದಿ ಅಪರೂಪ. ಇಲ್ಲಿ ನೇಯ್ದ ಸೀರೆಯ ಗಂಟು ಬೆಂಗಳೂರಿನ ಚಿಕ್ಕಪೇಟೆಯನ್ನು ಮುಟ್ಟುವುದು ಇದೇ ರಸ್ತೆಯಲ್ಲಿ. ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶದ ಪಾಳಿ ಬದಲಾಗುವ ಹೊತ್ತಿನಲ್ಲಿ ಒಮ್ಮೆ ಬಂದು ನಿಂತು ನೋಡಿ, ಇದು ಗ್ರಾಮೀಣ ರಸ್ತೆಯೆಂದು ಯಾರೂ ಹೇಳಲಾರರು. ಈಗ ದಾಬಸ್‌ಪೇಟೆಯಿಂದ ಹೊಸಕೋಟೆಯ ಕಡೆಗೆ ಹೋಗುವ ಉಪನಗರ ವರ್ತುಲ ರಸ್ತೆಯೂ ನಮ್ಮೂರಿನ ಬಳಿಯೇ ಇದನ್ನು ಅಡ್ಡಹಾಯುತ್ತದೆ. ನಕ್ಷೆಯನ್ನು ಯಲಹಂಕದಿಂದಲೇ ಆರಂಭಿಸಬೇಕು. ಗಡಿಯಿಂದ ಆರಂಭಿಸುವುದೆಂದರೆ ಸೀರೆಯನ್ನು ಸೆರಗಿನಿಂದ ಉಟ್ಟಂತಾಗುತ್ತದೆ.

ನಿವೃತ್ತ ಓವರ್ಸಿಯರ್

ದೊಡ್ಡಬಳ್ಳಾಪುರದವರ ಅಭಿಮಾನ ಅರ್ಥವಾಗುತ್ತದೆ, ಆದರೆ ಅಲ್ಲಿಯವರೆಗಿನ ಸುಮಾರು 22 ಕಿಲೋಮೀಟರ್ ಈಗ ಬೆಂಗಳೂರಿನ ಬಾಲವೇ ಆಗಿಬಿಟ್ಟಿದೆ. ಅದರಾಚೆಗೆ ಬಂದ ಮೇಲೆಯೇ ರಸ್ತೆಗೆ ಅದರದೇ ಆದ ಸ್ವಭಾವ ಬರುವುದು. ಆಡಳಿತದ ಲೆಕ್ಕದಲ್ಲಿ ಇದು ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಎಂಬ ಮೂರು ಜಿಲ್ಲೆಗಳನ್ನು ಹಾಯುತ್ತದೆ. 1986ಕ್ಕೆ ಮುಂಚೆ ಗ್ರಾಮಾಂತರ ಜಿಲ್ಲೆ ಇರಲಿಲ್ಲ, 2007ಕ್ಕೆ ಮುಂಚೆ ಚಿಕ್ಕಬಳ್ಳಾಪುರ ಜಿಲ್ಲೆಯೂ ಇರಲಿಲ್ಲ. ಗೌರಿಬಿದನೂರು ಆಗ ಕೋಲಾರಕ್ಕೆ ಸೇರಿತ್ತು. ತಾಲ್ಲೂಕಿನ ರಸ್ತೆಯ ಒಂದು ಸಣ್ಣ ಕಾಗದಕ್ಕೆ ಸಹಿ ಬೇಕೆಂದರೂ ಕೋಲಾರದ ದಾರಿ ಹಿಡಿಯಬೇಕಿತ್ತು. ನಮ್ಮ ಹೆದ್ದಾರಿ ದಕ್ಷಿಣೋತ್ತರ, ಜಿಲ್ಲಾ ಕೇಂದ್ರ ಪೂರ್ವಕ್ಕೆ. ಬೆಂಗಳೂರಿನ ಬಸ್ಸು ಸುಲಭವಾಗಿ ಸಿಗುತ್ತಿತ್ತು, ಕೋಲಾರದ ಬಸ್ಸಿಗೆ ಕಾದು ಕುಳಿತಿರಬೇಕಿತ್ತು. ತನ್ನ ಜಿಲ್ಲೆಗೆ ಬೆನ್ನು ಹಾಕಿ ಹೋದ ರಸ್ತೆಯಿದು ಎಂದು ಮಕ್ಕಳು ಬರೆದರೆ ತಪ್ಪೇನೂ ಇಲ್ಲ.

ಹಳ್ಳಿಕಾರ್ ಜೋಡಿ

ಘಾಟಿ ಸುಬ್ರಹ್ಮಣ್ಯವನ್ನು ಬಿಟ್ಟು ಈ ದಾರಿಯ ಚರಿತ್ರೆಯನ್ನು ಬರೆದರೆ ದೇವರು ಮೆಚ್ಚುವುದಿಲ್ಲ, ದನಗಳೂ ಮೆಚ್ಚುವುದಿಲ್ಲ. ಪುಷ್ಯಮಾಸದ ಷಷ್ಠಿಯ ಹೊತ್ತಿಗೆ ನಡೆಯುವ ಘಾಟಿಯ ದನಗಳ ಜಾತ್ರೆಗೆ ನಮ್ಮ ತಾತ, ಅಪ್ಪ ಇಬ್ಬರೂ ಜೋಡಿಗಳನ್ನು ನಡೆಸಿಕೊಂಡೇ ಹೋಗುತ್ತಿದ್ದರು. ಹಗಲಿನ ಬಿಸಿಲಿಗೆ ಗೊರಸು ಸವೆಯುತ್ತದೆಂದು ರಾತ್ರಿಯಲ್ಲಿ ನಡೆದು, ಬೆಳಗಿನ ಜಾವ ಯಾವುದಾದರೂ ಕೆರೆಯ ಬಳಿ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಹಣೆಗೆ ಗೊಂಡೆ ಕಟ್ಟಿದ ಮೇಲೆಯೇ ಜಾತ್ರೆಯ ಮಾಳಕ್ಕೆ ಕಾಲಿಡುತ್ತಿದ್ದರು. ಕೊಳ್ಳುವವನು ಮೊದಲು ನೋಡುತ್ತಿದ್ದದ್ದು ಗೊರಸನ್ನು. ಡಾಂಬರಿನ ಮೇಲೆ ನಡೆದ ಎತ್ತನ್ನೂ ಮಣ್ಣಿನ ಅಂಚಿನಲ್ಲಿ ನಡೆದ ಎತ್ತನ್ನೂ ಅವನು ಬೆರಳಾಡಿಸಿಯೇ ಗುರುತಿಸುತ್ತಿದ್ದನು. ಅದಕ್ಕೇ ರಸ್ತೆಯ ಎರಡೂ ಬದಿಯಲ್ಲಿ ಮಣ್ಣಿನ ಅಂಚು ಉಳಿಯಬೇಕೆಂದು ಹಿರಿಯರು ಜಗಳಕ್ಕೆ ನಿಲ್ಲುತ್ತಿದ್ದರು.

ಈಗ ಜೋಡಿಗಳು ಟೆಂಪೋದಲ್ಲಿ ಬರುತ್ತವೆ. ಟೆಂಪೋ ಬಾಡಿಗೆಯನ್ನು ಕೇಳಿದರೆ ಎತ್ತಿನ ಬೆಲೆಯೇ ಸಣ್ಣದೆನಿಸುತ್ತದೆ.

ಒಬ್ಬ ಪ್ರಯಾಣಿಕ

ದನದ ಜಾತ್ರೆಗೂ ರಾಜ್ಯ ಹೆದ್ದಾರಿಗೂ ಏನು ಸಂಬಂಧ? ಮೇಷ್ಟ್ರು ಕೇಳಿದ್ದು ರಸ್ತೆಯ ಚರಿತ್ರೆಯನ್ನು.

ಹಳ್ಳಿಕಾರ್ ಜೋಡಿ

ರಸ್ತೆಯ ಚರಿತ್ರೆಯೆಂದರೆ ಅದರ ಮೇಲೆ ನಡೆದವರ ಚರಿತ್ರೆಯಲ್ಲದೆ ಜಲ್ಲಿಯ ಚರಿತ್ರೆಯೇ ಅಣ್ಣ?

ವಿದುರಾಶ್ವತ್ಥದ ಮೊಮ್ಮಗಳು

ಇಷ್ಟು ಉತ್ತರಗಳಾದರೂ ಯಾರೂ 1938ರ ಏಪ್ರಿಲ್ 25ನ್ನು ಎತ್ತದಿರುವುದು ನನಗೆ ಆಶ್ಚರ್ಯವನ್ನೂ ಸ್ವಲ್ಪ ಬೇಸರವನ್ನೂ ಉಂಟುಮಾಡಿದೆ. ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲಿಯೇ ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥ ಸಿಗುತ್ತದೆ. ಆ ತಿಂಗಳ ಮೊದಲ ಭಾಗದಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಅದರ ಬೆನ್ನಿಗೇ ಇಲ್ಲಿ, ಜಾತ್ರೆಯ ಸಮಯದಲ್ಲಿ, ನಿಷೇಧವಿದ್ದರೂ ಕಾಂಗ್ರೆಸ್ಸಿನ ಧ್ವಜವನ್ನು ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಂದು ಸತ್ತವರು ಹತ್ತು ಮಂದಿ ಎಂದು ಸರ್ಕಾರ ಹೇಳಿತು, ಮೂವತ್ತಕ್ಕೂ ಹೆಚ್ಚು ಎಂದು ಜನ ಹೇಳಿದರು. ದಕ್ಷಿಣದ ಜಲಿಯನ್ ವಾಲಾಬಾಗ್ ಎಂದು ಈಗಲೂ ಕರೆಯುತ್ತಾರೆ.

ಈಗ ಮೇಷ್ಟ್ರ ಪ್ರಶ್ನೆಗೆ ಬರುತ್ತೇನೆ. ಈ ಘಟನೆ ಇಲ್ಲಿಯೇ ಏಕೆ ನಡೆಯಿತು? ಮೈಸೂರು ಸಂಸ್ಥಾನದ ಒಳನಾಡಿನ ಯಾವುದೋ ಹಳ್ಳಿಯಲ್ಲಿ ಅಷ್ಟು ಜನ ಸೇರುವುದು ಕಷ್ಟವಾಗುತ್ತಿತ್ತು. ಇಲ್ಲಿ ರೈಲು ನಿಲ್ದಾಣವಿತ್ತು, ಗಾಡಿಯ ದಾರಿಯಿತ್ತು, ಅಶ್ವತ್ಥದ ಕೆಳಗೆ ನಾಗಪ್ರತಿಷ್ಠೆ ಮಾಡಿಸಲು ಬರುವವರ ಸಾಲು ವರ್ಷವಿಡೀ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಒಂದಿಷ್ಟು ದೂರ ಹೋದರೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ಅನಂತಪುರ ಜಿಲ್ಲೆ. ಅಲ್ಲಿ 1937ರ ಚುನಾವಣೆಯ ನಂತರ ಕಾಂಗ್ರೆಸ್ಸೇ ಸರ್ಕಾರ ನಡೆಸುತ್ತಿತ್ತು. ಗಡಿಯ ಆ ಕಡೆ ಅಧಿಕಾರದಲ್ಲಿದ್ದ ಪಕ್ಷದ ಧ್ವಜವನ್ನು ಈ ಕಡೆ ಹಿಡಿದರೆ ಗುಂಡು ಬಿತ್ತು. ಹೆದ್ದಾರಿ ಹೊಲದ ನಡುವೆ ಏಕೆ ನಿಲ್ಲುತ್ತದೆ ಎಂದು ಕೇಳಿದ ಆ ಹುಡುಗಿಗೆ ಇದನ್ನು ಹೇಳಿ. ನಿಲ್ಲುವ ಆ ಜಾಗ ಒಂದು ಕಾಲಕ್ಕೆ ಎರಡು ಆಳ್ವಿಕೆಗಳ ನಡುವಿನ ಗೆರೆಯಾಗಿತ್ತು. ನನ್ನನ್ನು ಕೇಳಿದರೆ ಈ ದಾರಿಯ ಚರಿತ್ರೆಯನ್ನು ಗಡಿಯಿಂದಲೇ ಆರಂಭಿಸಬೇಕು, ಯಲಹಂಕ ಆಮೇಲೆ ಬರಲಿ.

ಬಾಗೇಪಲ್ಲಿಯವನು

ಅಕ್ಕ, ಒಳ್ಳೆಯ ಮಾತು ಹೇಳಿದಿರಿ. ಮುಂದಿನದನ್ನೂ ಸೇರಿಸಬೇಕು. ಗುಂಡಿನ ಸುದ್ದಿ ಹರಡಿದ ಮೇಲೆ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದರು. ಆಗ ಆದದ್ದೇ ಮಿರ್ಜಾ–ಪಟೇಲ್ ಒಪ್ಪಂದ. ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ಸಿನ ಧ್ವಜವನ್ನು ಹಾರಿಸಲು ಅವಕಾಶ ದೊರೆತದ್ದು ಅದರಿಂದಲೇ. ನಮ್ಮ ಪಠ್ಯಗಳಲ್ಲಿ ಶಿವಪುರಕ್ಕೆ ಒಂದು ಪುಟವಿದ್ದರೆ ವಿದುರಾಶ್ವತ್ಥಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು.

ಒಬ್ಬ ಪ್ರಯಾಣಿಕ

ವಿದುರಾಶ್ವತ್ಥ ಹೆದ್ದಾರಿಯ ಮೇಲೆಯೇ ಇಲ್ಲ, ಪಕ್ಕಕ್ಕೆ ತಿರುಗಿ ಒಳಗೆ ಹೋಗಬೇಕು. ಇನ್ನು ಆ ಅಶ್ವತ್ಥವೂ ಈಗ ಇಲ್ಲ. ಪಠ್ಯದ ದೂರನ್ನು ರಸ್ತೆಯ ಮೇಲೆ ಹೊರಿಸುವುದು ಬೇಡ.

ವಿದುರಾಶ್ವತ್ಥದ ಮೊಮ್ಮಗಳು

ಹಳೆಯ ಮರ 2001ರಲ್ಲಿ ಉರುಳಿತು, ನಿಜ. ಅದರ ಬುಡದಲ್ಲಿದ್ದ ಸಾವಿರಾರು ನಾಗರಕಲ್ಲುಗಳು ಎಲ್ಲಿಗೂ ಹೋಗಿಲ್ಲ. ಒಂದಕ್ಕೊಂದು ಒರಗಿಕೊಂಡು ಸಾಲಾಗಿ ನಿಂತಿವೆ. ಹಳೆಯವುಗಳಲ್ಲಿ ಹೆಡೆಯ ಗೆರೆ ಅರಿಶಿನ ಕುಂಕುಮದ ಪದರದ ಕೆಳಗೆ ಕೈಗೆ ತಾಗುತ್ತದೆಯೇ ಹೊರತು ಕಣ್ಣಿಗೆ ಕಾಣುವುದಿಲ್ಲ. ಹುತಾತ್ಮರ ಸ್ಮಾರಕವೂ ಅಲ್ಲಿಯೇ ಇದೆ. ಪಕ್ಕಕ್ಕೆ ತಿರುಗುವಷ್ಟು ವ್ಯವಧಾನವಿಲ್ಲದವರಿಗೆ ನಾನೇನು ಹೇಳಲಿ?

ನಿವೃತ್ತ ಓವರ್ಸಿಯರ್

ಜಗಳ ಬೇಡ. ಎಂಜಿನಿಯರ ಕಣ್ಣಿನಿಂದ ನೋಡಿದರೂ ಮೊಮ್ಮಗಳ ಮಾತಿನಲ್ಲಿ ತೂಕವಿದೆ. ಗಡಿಯ ಕಡೆಗಿನ ರಸ್ತೆಗಳಿಗೆ ಯಾವಾಗಲೂ ಕೊನೆಯಲ್ಲಿಯೇ ಡಾಂಬರು ಸಿಗುವುದು. ಹಣ ರಾಜಧಾನಿಯಿಂದ ಹೊರಟು ಕಿಲೋಮೀಟರ್ ಲೆಕ್ಕದಲ್ಲಿ ಮುಂದೆ ಸಾಗುತ್ತದೆ, ಮಾರ್ಚ್ ತಿಂಗಳು ಬಂದಾಗ ಎಲ್ಲಿಗೆ ತಲುಪಿರುತ್ತದೆಯೋ ಅಲ್ಲಿಗೆ ನಿಲ್ಲುತ್ತದೆ. ಗಡಿಯ ಎರಡೂ ಕಡೆ ಹೀಗೆಯೇ. ಈ ರಸ್ತೆಯನ್ನು ದೊಡ್ಡಬಳ್ಳಾಪುರದವರೆಗೆ ನಾಲ್ಕು ಪಥ ಮಾಡಿ ಮುಂದಕ್ಕೆ ಎರಡೇ ಪಥ ಬಿಟ್ಟಿರುವುದಕ್ಕೆ ವಾಹನಗಳ ಲೆಕ್ಕ ಕಾರಣವೆನ್ನುತ್ತಾರೆ. ವಾಹನ ಕಡಿಮೆಯಾದ್ದರಿಂದ ರಸ್ತೆ ಕಿರಿದಾಯಿತೋ, ರಸ್ತೆ ಕಿರಿದಾದ್ದರಿಂದ ವಾಹನ ಕಡಿಮೆಯಾಯಿತೋ ಎಂಬುದನ್ನು ನಾನು ಕೆಲಸದಲ್ಲಿದ್ದಷ್ಟು ಕಾಲವೂ ಕೇಳುತ್ತಲೇ ಇದ್ದೆ.

ಕಡಲೆಕಾಯಿ ಹೊಲ

ರಸ್ತೆ ಅಗಲವಾದಾಗ ಏನೇನು ಹೋಯಿತೆಂಬುದನ್ನೂ ಮಕ್ಕಳು ಬರೆಯಲಿ. ನಮ್ಮ ಹೊಲದ ಮುಂದೆ ಸಾಲಾಗಿ ಹುಣಸೆಮರಗಳಿದ್ದವು. ಅವುಗಳ ಫಸಲನ್ನು ಹರಾಜಿನಲ್ಲಿ ಹಿಡಿದು ಬಡಿಸುತ್ತಿದ್ದವರಿಗೆ ಅದೇ ವರ್ಷದ ಆದಾಯ. ಮರಗಳು ಹೋದವು. ಗುತ್ತಿಗೆದಾರರೊಬ್ಬರು ಹೊಸ ಮೋರಿಯನ್ನು ಹಳೆಯದಕ್ಕಿಂತ ಎತ್ತರಕ್ಕೆ ಕಟ್ಟಿಬಿಟ್ಟಿದ್ದರಿಂದ, ಆಚೆಗೆ ಹೋಗಬೇಕಾದ ಮಳೆನೀರು ಈಗ ನಮ್ಮ ಕಡಲೆಕಾಯಿಯ ಸಾಲಿನಲ್ಲಿ ನಿಲ್ಲುತ್ತದೆ. ಅರ್ಜಿ ಕೊಟ್ಟೆವು, ಬಂದು ಅಳತೆ ಮಾಡಿಕೊಂಡು ಹೋದರು, ಆಮೇಲೆ ಸದ್ದಿಲ್ಲ. ಇಷ್ಟೆಲ್ಲ ಆದ ಮೇಲೂ ಟೋಲ್ ಕೊಟ್ಟು ಓಡಾಡಬೇಕು. ರಾಜ್ಯ ಹೆದ್ದಾರಿಗೂ ಟೋಲ್ ಏಕೆಂದು ಯಾರಾದರೂ ತಿಳಿದವರು ಹೇಳಿ.

ಮಗ್ಗದ ಮನೆ, ದೊಡ್ಡಬಳ್ಳಾಪುರ

ಖಾಸಗಿಯವರು ಹಣ ಹಾಕಿ ರಸ್ತೆ ಮಾಡಿ, ಇಂತಿಷ್ಟು ವರ್ಷ ಟೋಲ್ ವಸೂಲು ಮಾಡಿಕೊಂಡು, ಆಮೇಲೆ ಸರ್ಕಾರಕ್ಕೆ ಒಪ್ಪಿಸುವ ಕರಾರು ರಾಜ್ಯ ಹೆದ್ದಾರಿಗಳಲ್ಲಿಯೂ ಉಂಟು. ರಸ್ತೆ ಚೆನ್ನಾಗಿದ್ದರೆ ಕೊಡುವುದಕ್ಕೆ ನನ್ನ ತಕರಾರಿಲ್ಲ.

ಕಡಲೆಕಾಯಿ ಹೊಲ

ನಿಮ್ಮದು ನಾಲ್ಕು ಪಥ, ನಿಮಗೆ ತಕರಾರು ಹೇಗೆ ಬರಬೇಕು? ಮರ, ನೀರು, ಹೊಲ ಕಳೆದುಕೊಂಡದ್ದು ನಾವು.

ಆಕಾಶ ನೋಡುವವನು

ಈ ದಾರಿಗೆ ಇನ್ನೊಂದು ಚರಿತ್ರೆಯಿದೆ. ಗೌರಿಬಿದನೂರಿನ ಸುತ್ತಲಿನ ನೆಲ ಗಟ್ಟಿಯಾದ ಹಳೆಯ ಬಂಡೆ, ವಾಹನ ಕಾರ್ಖಾನೆಗಳ ಗದ್ದಲ ಕಡಿಮೆ. ಈ ಕಾರಣಕ್ಕೇ ಭಾಭಾ ಅಣು ಸಂಶೋಧನಾ ಕೇಂದ್ರದವರು 1965ರಲ್ಲಿ ಇಲ್ಲಿ ಭೂಕಂಪನ ಮಾಪಕಗಳ ಜಾಲವನ್ನು ಸ್ಥಾಪಿಸಿದರು. ಎರಡು ತೋಳುಗಳಾಗಿ ಹರಡಿರುವ ಆ ಜಾಲದ ಕೆಲಸ ಭೂಕಂಪವನ್ನು ಅಳೆಯುವುದಷ್ಟೇ ಅಲ್ಲ, ಜಗತ್ತಿನಲ್ಲಿ ಎಲ್ಲಿಯಾದರೂ ನೆಲದೊಳಗೆ ಅಣುಸ್ಫೋಟ ನಡೆದರೆ ಅದನ್ನು ಗುರುತಿಸುವುದೂ ಹೌದು. 1998ರ ಪೋಖ್ರಾನ್ ಪರೀಕ್ಷೆಯ ಕಂಪನವನ್ನು ಅಳೆಯಲು ಇಲ್ಲಿನ ದಾಖಲೆಯೂ ನೆರವಾಯಿತು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು ಸೇರಿ 1970ರ ದಶಕದಲ್ಲಿ ಇದೇ ತಾಲ್ಲೂಕಿನಲ್ಲಿ ರೇಡಿಯೋ ದೂರದರ್ಶಕವನ್ನು ಕಟ್ಟಿದವು. 34.5 ಮೆಗಾಹರ್ಟ್ಸ್ ಕಂಪನಾಂಕದ ಅಲೆಗಳನ್ನು ಹಿಡಿಯುವ ಅದರ ಪೂರ್ವ–ಪಶ್ಚಿಮ ತೋಳೊಂದೇ ಸುಮಾರು 1.4 ಕಿಲೋಮೀಟರ್ ಉದ್ದವಿದೆ. ದೂರದರ್ಶಕವೆಂದರೆ ಗುಮ್ಮಟವೊಂದನ್ನು ಊಹಿಸಿಕೊಂಡು ಹೋದವರಿಗೆ ಕಂಬ ಮತ್ತು ತಂತಿಗಳ ಹೊಲ ಕಾಣುತ್ತದೆ.

ರಸ್ತೆ ಕಿರಿದಾಗಿದ್ದು, ಊರು ಸದ್ದಿಲ್ಲದೆ ಇದ್ದುದರಿಂದಲೇ ಇವೆರಡೂ ಇಲ್ಲಿಗೆ ಬಂದವು. ಹೆದ್ದಾರಿ ಬೆಳೆದಷ್ಟೂ ಇವುಗಳಿಗೆ ತೊಂದರೆ. ರಸ್ತೆ ಅಗಲವಾಗಲಿ ಎನ್ನುವವರು ಇದನ್ನೂ ಒಮ್ಮೆ ಯೋಚಿಸಲಿ.

ಒಬ್ಬ ಪ್ರಯಾಣಿಕ

ನಕ್ಷತ್ರಗಳ ಸದ್ದು ಕೇಳಬೇಕೆಂದು ನಾವು ಲಾರಿಯ ಹಿಂದೆ ಹೊಗೆ ಕುಡಿದುಕೊಂಡು ಹೋಗಬೇಕೇ? ಈ ಹೆದ್ದಾರಿಯನ್ನು ರಾಷ್ಟ್ರೀಯ ಹೆದ್ದಾರಿಯನ್ನಾಗಿ ಮಾಡಿ ಗಡಿಯವರೆಗೂ ನಾಲ್ಕು ಪಥ ಮಾಡುವುದೊಂದೇ ಪರಿಹಾರ.

ನಿವೃತ್ತ ಓವರ್ಸಿಯರ್

ಅದು ಅಷ್ಟು ಸುಲಭವಲ್ಲ. ನಮ್ಮೂರನ್ನು ಪೂರ್ವ–ಪಶ್ಚಿಮವಾಗಿ ಹಾಯುವ ರಾಷ್ಟ್ರೀಯ ಹೆದ್ದಾರಿ 69 ಈಗಾಗಲೇ ಇದೆ. ಅದೇ ಹಿಂದಿನ 234. ಶಿರಾ, ಮಧುಗಿರಿಯ ಕಡೆಯಿಂದ ಬಂದು ಮಂಚೇನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ, ಅಲ್ಲಿಂದ ಚಿಂತಾಮಣಿ, ಮುಳಬಾಗಿಲಿನ ಕಡೆಗೆ ಹೋಗುತ್ತದೆ. ದಕ್ಷಿಣೋತ್ತರವಾಗಿ ಹೋಗುವ ದೂರದ ಲಾರಿಗಳಿಗೆ ಹೈದರಾಬಾದ್ ಕಡೆಯ ರಾಷ್ಟ್ರೀಯ ಹೆದ್ದಾರಿ 44 ಪೂರ್ವಕ್ಕೆ ಸಮಾನಾಂತರವಾಗಿ ಇದೆ. ಬೆಂಗಳೂರಿನಿಂದ ಹಿಂದೂಪುರಕ್ಕೆ ಹೋಗುವವರಲ್ಲಿಯೂ ಅನೇಕರು ಬಾಗೇಪಲ್ಲಿ ದಾಟಿ, ಕೊಡಿಕೊಂಡ ಚೆಕ್‌ಪೋಸ್ಟಿನಲ್ಲಿ ಎಡಕ್ಕೆ ತಿರುಗಿ, ಲೇಪಾಕ್ಷಿಯ ಮೇಲೆ ಬರುತ್ತಾರೆ. ದೂರ ಹೆಚ್ಚಾದರೂ ರಸ್ತೆ ವಿಶಾಲ. ಎರಡು ದೊಡ್ಡ ರಸ್ತೆಗಳ ನಡುವೆ ಸಿಕ್ಕಿಕೊಂಡ ಮೂರನೆಯದಕ್ಕೆ ದೆಹಲಿಯಲ್ಲಿ ಹಣ ಕೇಳುವುದು ಕಷ್ಟ.

ವಿಚಾರವಾದಿ

ನಡೆದವರ ಚರಿತ್ರೆಯ ಮಾತು ಮೇಲೆ ಬಂದಿದೆ. ಹಾಗಿದ್ದಮೇಲೆ ಡಾ. ಎಚ್. ನರಸಿಂಹಯ್ಯನವರನ್ನು ಹೇಗೆ ಬಿಡಲಾದೀತು? ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು, ಬಸ್ಸಿಗೆ ಹಣವಿಲ್ಲದೆ 1935ರಲ್ಲಿ ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಹೋಗಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. ಮುಂದೆ ಅದೇ ಸಂಸ್ಥೆಯ ಕಾಲೇಜಿಗೆ ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾದರು, ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜನ್ನು ತಂದರು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೇಳುವುದಕ್ಕೆ ಇದಕ್ಕಿಂತ ಹತ್ತಿರದ ಕಥೆ ಇಲ್ಲ. ಅವರು ನಡೆದಾಗ ಹೆಚ್ಚುಕಡಿಮೆ ಇದೇ ವಯಸ್ಸು.

ಹಳಿಪ್ರೇಮಿ

ಆಗ ರೈಲು ಇತ್ತು ಎಂಬುದನ್ನು ಮಾತ್ರ ಜ್ಞಾಪಿಸುತ್ತೇನೆ.

ವಿಚಾರವಾದಿ

ರೈಲು ಇತ್ತು, ಟಿಕೆಟ್ಟಿಗೆ ದುಡ್ಡಿರಲಿಲ್ಲ. ರಸ್ತೆಗೆ ಟಿಕೆಟ್ ಕೇಳುತ್ತಿರಲಿಲ್ಲ. ಮೊದಲು ಯಾವುದು ಬಂತೆಂಬ ನಿಮ್ಮ ವಾದಕ್ಕಿಂತ, ಯಾವುದು ಯಾರ ಪಾಲಿಗೆ ಇತ್ತೆಂಬುದು ದೊಡ್ಡ ಪ್ರಶ್ನೆ.

ಸಮಾಜ ಮೇಷ್ಟ್ರು, ಗೌರಿಬಿದನೂರು

ಎಲ್ಲರಿಗೂ ಋಣಿಯಾಗಿದ್ದೇನೆ. ಮಕ್ಕಳೊಂದಿಗೆ ಚರ್ಚಿಸಿ ಹೀಗೆ ನಿರ್ಧರಿಸಿದ್ದೇವೆ. ದೂರದ ಲೆಕ್ಕ ಮೋರಿಗಳ ಸಂಖ್ಯೆಯಂತೆ ಯಲಹಂಕದಿಂದಲೇ ಇರುತ್ತದೆ, ಬರಹ ಮಾತ್ರ ಗಡಿಯಿಂದ ದಕ್ಷಿಣಕ್ಕೆ ಸಾಗುತ್ತದೆ. ವಿದುರಾಶ್ವತ್ಥ ಮೊದಲನೆಯ ಅಧ್ಯಾಯ. ಮಾಕಳಿಯ ಬಳಿ ನೀಲಿ ಗೆರೆಯೊಂದನ್ನು ಎಳೆದು ಎರಡು ನದಿಗಳ ನೀರು ಬೇರೆಯಾಗುವುದನ್ನು ತೋರಿಸುತ್ತೇವೆ. ಹಳಿ ಮತ್ತು ರಸ್ತೆಯ ವಾದವನ್ನು ಎರಡು ಕಡೆಯವರ ಮಾತಿನಲ್ಲಿಯೇ ಬರೆದು, ತೀರ್ಪನ್ನು ನೋಡುವವರಿಗೆ ಬಿಡುತ್ತೇವೆ. ಕಡಲೆಕಾಯಿ ಹೊಲದವರ ಹುಣಸೆಸಾಲನ್ನೂ ಮೊದಲು ಹೇಗಿತ್ತೋ ಹಾಗೆ ಬಿಡಿಸಬೇಕೆಂದು ಮಕ್ಕಳೇ ಹೇಳಿದ್ದಾರೆ.

ಮಗ್ಗದ ಮನೆ, ದೊಡ್ಡಬಳ್ಳಾಪುರ

ದಕ್ಷಿಣಕ್ಕೆ ಬರುವಷ್ಟರಲ್ಲಿ ಕಾಗದ ಮುಗಿದು ದೊಡ್ಡಬಳ್ಳಾಪುರಕ್ಕೆ ಎರಡು ಸಾಲು ಉಳಿಯದಿದ್ದರೆ ಸಾಕು. ಬಣ್ಣದ ನೂಲಿನ ಉಂಡೆ ಬೇಕಾದರೆ ಕಳುಹಿಸುತ್ತೇನೆ, ರಸ್ತೆಯ ಗೆರೆಗೆ ಅಂಟಿಸಬಹುದು.

ಹಿಂದೂಪುರದ ಕನ್ನಡಿಗ

ಗಡಿಯ ಆಚೆಯಿಂದ ಒಂದು ಮನವಿ. ನಾವು ಇರುವುದು ಹಿಂದೆ ಅನಂತಪುರ ಜಿಲ್ಲೆ ಎನ್ನಿಸಿಕೊಂಡಿದ್ದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಾಗಿರುವ ಕಡೆ. ಆ ಅನಂತಪುರವೂ 1882ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಗೌರಿಬಿದನೂರಿನ ಆಸ್ಪತ್ರೆಗೆ, ಸಂತೆಗೆ, ಬೀಗರ ಮನೆಗೆ ನಾವು ಬರುತ್ತಲೇ ಇರುತ್ತೇವೆ. ನಿಮ್ಮ ಕಡೆಯವರು ಬಟ್ಟೆ ಕೊಳ್ಳಲು, ಸಿನಿಮಾ ನೋಡಲು ಇಲ್ಲಿಗೆ ಬರುತ್ತಾರೆ. ಬಸ್ಸಿನಲ್ಲಿ ಚಿಲ್ಲರೆಯ ಜಗಳ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ, ಕಂಡಕ್ಟರಿಗೆ ಎರಡೂ ಬರುತ್ತವೆ. 2021ರ ನವೆಂಬರಿನ ಮಳೆಗೆ ಪಿನಾಕಿನಿ ತುಂಬಿ ಬಂದಾಗ ನಿಮ್ಮಲ್ಲಿ ಎಷ್ಟು ನೀರಿದೆಯೆಂದು ನಾವು ಫೋನು ಮಾಡಿ ಕೇಳುತ್ತಿದ್ದೆವು, ಏಕೆಂದರೆ ಅದು ಮುಂದೆ ಬರುವುದು ನಮ್ಮ ಕಡೆಗೇ. ಆದ್ದರಿಂದ ಮೇಷ್ಟ್ರೇ, 74ನೆಯ ಕಿಲೋಮೀಟರಿಗೆ ಕಾಗದವನ್ನು ಕತ್ತರಿಸಬೇಡಿ. ಇನ್ನೊಂದು ಗೇಣು ಬಿಟ್ಟು ಹಿಂದೂಪುರವನ್ನೂ ಬರೆಸಿ. ಆ ಭಾಗಕ್ಕೆ ಯಾವ ಬಣ್ಣ ಹಾಕಬೇಕೆಂಬುದನ್ನು ಓವರ್ಸಿಯರ್ ಸಾಹೇಬರು ಹೇಳಲಿ.

ನಿವೃತ್ತ ಓವರ್ಸಿಯರ್

ಕಲ್ಲಿನ ಬಣ್ಣದ ನಿಯಮ ದೇಶಕ್ಕೆಲ್ಲ ಒಂದೇ. ಅಲ್ಲಿಯೂ ರಾಜ್ಯ ಹೆದ್ದಾರಿಗೆ ಹಸಿರೇ ಹಾಕಬೇಕು. ಸಂಖ್ಯೆಯನ್ನು ಮಾತ್ರ ಬರೆಸಬೇಡಿ, ಅದು ಅವರ ಇಲಾಖೆಯ ವಿಷಯ.